ಕ್ವಾಡ್ ಬೈಕಿನ ಹೊಟ್ಟೆಯಡಿಯ ಕಾವಲು

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಹೋಂಸ್ಟೇ, ರೆಸಾರ್ಟ್‌ಗಳಿಗೆ ಹೋಗಿಬಂದವರಿಗೆ ಕ್ವಾಡ್ ಬೈಕ್ ಹೊಸದೇನಲ್ಲ. ಬೈಕಿನ ಹ್ಯಾಂಡಲ್, ಬೈಕಿನ ಸೀಟು, ಕೆಳಗೆ ಮಾತ್ರ ನಾಲ್ಕು ದಪ್ಪ ಟೈರು. ಎಟಿವಿ ಎಂದೂ ಕರೆಯುತ್ತಾರೆ. ಸುತ್ತಿಗಿಷ್ಟು ಎಂದು ದುಡ್ಡು ಕೊಟ್ಟು, ಮೈಗೆಲ್ಲ ಕೆಸರು ಹಾರಿಸಿಕೊಂಡು, ಫೋಟೊ ತೆಗೆಸಿಕೊಂಡು ಇಳಿದುಬರುತ್ತೇವೆ. ಸ್ವಂತಕ್ಕೆ ಕೊಳ್ಳುವವರ ಮಾತೂ ಬಣ್ಣ, ಸಿಸಿ, ಟೈರಿನ ಗಾತ್ರ, ಮುಂದಿನ ವಿಂಚು ಇವುಗಳ ಸುತ್ತಲೇ ಸುತ್ತುತ್ತದೆ. ಬಗ್ಗಿ ಅಡಿಗೆ ಟಾರ್ಚ್ ಬಿಟ್ಟು ನೋಡುವವರು ಇಬ್ಬರೇ: ರಿಪೇರಿ ಮಾಡುವ ಮೆಕ್ಯಾನಿಕ್ ಮತ್ತು ಒಮ್ಮೆ ಆ ರಿಪೇರಿಯ ಬಿಲ್ಲು ಕಟ್ಟಿದ ಮಾಲೀಕ.

ಅಡಿಯಲ್ಲಿ ಇರುವುದು ಗಾಡಿಯ ಜೀವವೇ. ನಡುವೆ ಎಂಜಿನ್ನಿನ ತಳ, ಅದರಲ್ಲಿ ಆಯಿಲ್ ಇಳಿಸುವ ಡ್ರೈನ್ ಬೋಲ್ಟು. ಪಕ್ಕಕ್ಕೆ ಬೆಲ್ಟು ತಿರುಗುವ ಸಿವಿಟಿ ಪೆಟ್ಟಿಗೆ. ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿಯಾದರೆ ಮುಂದೊಂದು ಡಿಫರೆನ್ಷಿಯಲ್, ಹಿಂದೊಂದು, ನಡುವೆ ಶಾಫ್ಟು. ಫ್ರೇಮಿನ ಕೊಳವೆಗಳ ಒಳಮಗ್ಗುಲಲ್ಲಿ ಬ್ರೇಕಿನ ಪೈಪು, ಕೂಲಂಟ್ ಹೋಸು, ವೈರಿಂಗು. ಚಕ್ರದ ಕಡೆಗೆ ಹೊರಟ ಆಕ್ಸಲ್‌ಗಳ ಎರಡೂ ತುದಿಗೆ ಸುಕ್ಕುಸುಕ್ಕಾದ ರಬ್ಬರ್ ಬೂಟು. ಇಷ್ಟರಲ್ಲಿ ಅಗ್ಗದ್ದು ಆ ಬೂಟು, ತುಟ್ಟಿಯಾಗಿ ಕಾಡುವುದೂ ಅದೇ. ಒಂದು ಚೂಪಾದ ಕೊರಡು ಅದನ್ನು ಸೀಳಿದರೆ ಒಳಗಿನ ಗ್ರೀಸು ಹೊರಗೆ ಹೋಗುತ್ತದೆ, ಹೊರಗಿನ ಕೆಸರು ಒಳಗೆ ಬರುತ್ತದೆ. ಗಾಡಿ ಅವತ್ತು ನಿಲ್ಲುವುದಿಲ್ಲ. ಕೆಲವು ವಾರ ಕಳೆದ ಮೇಲೆ ತಿರುವಿನಲ್ಲಿ ಟಕಟಕ ಸದ್ದು ಶುರುವಾಗುತ್ತದೆ. ಆಗ ಬೂಟು ಬದಲಿಸಿ ಪ್ರಯೋಜನವಿಲ್ಲ, ಅದರೊಳಗಿನ ಇಡೀ ಸಿವಿ ಜಾಯಿಂಟೇ ಹೋಗಿರುತ್ತದೆ.

ಯಮಾಹಾ ಗ್ರಿಜ್ಲಿ 700, ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ತರಹದ ದುಡಿಮೆಯ ಗಾಡಿಗಳು ತಾವೇ ಮುನ್ನೂರು ಕೆಜಿ ದಾಟುತ್ತವೆ. ಮೇಲೆ ಸವಾರ, ಹಿಂದಿನ ಕ್ಯಾರಿಯರ್‌ನಲ್ಲಿ ಒಂದಿಷ್ಟು ಸಾಮಾನು. ನೆಲಕ್ಕೂ ಹೊಟ್ಟೆಗೂ ನಡುವೆ ಉಳಿಯುವುದು ಹನ್ನೊಂದು ಅಂಗುಲದ ಆಸುಪಾಸು. ಕೇಳಲು ಇದು ಧಾರಾಳ ಎನಿಸಬಹುದು. ಮಳೆಗಾಲ ಕೊರೆದ ತೋಟದ ದಾರಿಯಲ್ಲಿ ಎರಡು ಚಕ್ರ ಚರಂಡಿಗೆ ಇಳಿದಾಗ ಆ ಹನ್ನೊಂದು ಅಂಗುಲ ಎಲ್ಲಿ ಹೋಯಿತು ಎಂದು ಹುಡುಕಬೇಕಾಗುತ್ತದೆ.

ಅದಕ್ಕೇ ಸ್ಕಿಡ್ ಪ್ಲೇಟ್. ಕಂಪನಿಯಿಂದ ಬರುವಾಗಲೇ ಹೊಟ್ಟೆಯಡಿ ಏನಾದರೊಂದು ಇರುತ್ತದೆ, ಬಹಳಷ್ಟು ಗಾಡಿಗಳಲ್ಲಿ ಅಚ್ಚಿನಲ್ಲಿ ಒತ್ತಿದ ತೆಳು ಪ್ಲಾಸ್ಟಿಕ್ಕು. ಕಲ್ಲು ಸಿಡಿದರೆ, ಹುಲ್ಲು ತರಚಿದರೆ ಅದು ಸಾಕು. ಇಡೀ ಗಾಡಿ ಒಂದು ಬಂಡೆಯ ಮೇಲೆ ಕೂತರೆ ಸಾಲದು. ಆಗ ಜನ ಹೊರಗಿನ ಪ್ಲೇಟ್ ಹುಡುಕುತ್ತಾರೆ, ಹುಡುಕುವಾಗ ಎಲ್ಲರೂ ಮೊದಲು ಕೇಳುವುದು ಒಂದೇ: ಎಷ್ಟು ದಪ್ಪ?

ಆ ಪ್ರಶ್ನೆಯನ್ನು ಕೊನೆಗೆ ಕೇಳಬೇಕು ಎನ್ನುವುದು ನನ್ನ ವಾದ. ಗುಂಡು ತಡೆಯುವ ಕವಚದ ಕಲ್ಪನೆಯಲ್ಲಿ ಪ್ಲೇಟ್ ಕೊಳ್ಳುವವರು ದಪ್ಪದ ಹಿಂದೆ ಬೀಳುತ್ತಾರೆ. ಪ್ಲೇಟಿನ ಅಸಲಿ ಕೆಲಸ ಬೇರೆ. ಕಲ್ಲಿನ ಮೇಲೆ ಬಿದ್ದ ಗಾಡಿ ಅಲ್ಲೇ ಸಿಕ್ಕಿಕೊಳ್ಳದೆ ಮುಂದಕ್ಕೆ ಜಾರಿ ದಾಟಬೇಕು, ಬಿದ್ದ ಭಾರ ಎಂಜಿನ್ನಿಗೆ ಮುಟ್ಟದೆ ಫ್ರೇಮಿನ ಕೊಳವೆಗಳಿಗೆ ಹಂಚಿಹೋಗಬೇಕು. ಈ ಎರಡೂ ಆಗಬೇಕಾದರೆ ಮೇಲ್ಮೈ ಹೇಗಿದೆ, ಬೋಲ್ಟು ಎಲ್ಲಿ ಕೂತಿದೆ, ಪ್ಲೇಟಿಗೂ ಎಂಜಿನ್ನಿಗೂ ಸಂದು ಎಷ್ಟಿದೆ ಎಂಬುದು ದಪ್ಪಕ್ಕಿಂತ ಮುಖ್ಯ.

ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕು

ಆಯ್ಕೆ ಮೂರು. ಮೂರರ ತೂಕವನ್ನು ಒಂದು ಚದರ ಮೀಟರ್ ಹಾಳೆಗೆ ಲೆಕ್ಕ ಹಾಕಿ ನೋಡೋಣ. ಮೂರು ಮಿಲಿಮೀಟರ್ ಉಕ್ಕು ಸುಮಾರು 23.5 ಕೆಜಿ. ಅಮೆರಿಕದ ತಯಾರಕರು ಹೆಚ್ಚಾಗಿ ಬಳಸುವ 4.8 ಮಿ.ಮೀ. ಅಲ್ಯೂಮಿನಿಯಂ, ಅವರ ಲೆಕ್ಕದಲ್ಲಿ ಹದಿನಾರರಲ್ಲಿ ಮೂರು ಅಂಗುಲ, ಸುಮಾರು 13 ಕೆಜಿ. ಅರ್ಧ ಅಂಗುಲ ದಪ್ಪದ ಯುಎಚ್‌ಎಂಡಬ್ಲ್ಯು ಪ್ಲಾಸ್ಟಿಕ್ 12 ಕೆಜಿ ಹತ್ತಿರ. ಕ್ವಾಡ್‌ನ ಹೊಟ್ಟೆ ಪೂರಾ ಒಂದು ಚದರ ಮೀಟರ್ ಇರುವುದಿಲ್ಲ, ಆದರೂ ಅನುಪಾತ ಇದೇ.

ಉಕ್ಕು ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಹಾಳೆ ಬಾಗುವುದನ್ನು ತಡೆಯುವ ಬಿಗಿತ ದಪ್ಪದ ಘನಕ್ಕೆ ಅನುಗುಣ: ದಪ್ಪ ಎರಡರಷ್ಟಾದರೆ ಬಿಗಿತ ಎಂಟರಷ್ಟು. ವಸ್ತುವಾಗಿ ಉಕ್ಕಿನ ಬಿಗಿತ ಅಲ್ಯೂಮಿನಿಯಂನ ಸುಮಾರು ಮೂರರಷ್ಟಿದ್ದರೂ, 4.8 ಮಿ.ಮೀ. ಅಲ್ಯೂಮಿನಿಯಂ ಹಾಳೆ 3 ಮಿ.ಮೀ. ಉಕ್ಕಿನ ಹಾಳೆಗಿಂತ ಬಿಗಿ, ಅದೂ ಹೆಚ್ಚುಕಡಿಮೆ ಅರ್ಧ ತೂಕದಲ್ಲಿ. ನಮ್ಮ ಊರಿನ ವೆಲ್ಡಿಂಗ್ ಶಾಪಿನಲ್ಲಿ 'ಇರಲಿ ಸಾರ್, ಎಂಎಸ್ ಶೀಟಲ್ಲೇ ಹೊಡೆದುಬಿಡೋಣ' ಎಂದು ಮಾಡಿಕೊಡುವ ತಗಡು ತೂಕ ಹೆಚ್ಚಿಸಿ, ತುಕ್ಕು ಹಿಡಿದು, ಕೊನೆಗೆ ಬಾಗಿಯೂ ಬಾಗುತ್ತದೆ. ಉಕ್ಕಿಗೊಂದು ಒಳ್ಳೆಯ ಗುಣವಿದೆ: ಬಾಗಿದರೆ ಸುತ್ತಿಗೆಯಲ್ಲಿ ಬಡಿದು ನೇರ ಮಾಡಬಹುದು, ಹರಿದರೆ ಯಾವ ಹಳ್ಳಿಯಲ್ಲೂ ವೆಲ್ಡ್ ಆಗುತ್ತದೆ. ಅದೊಂದನ್ನು ಬಿಟ್ಟರೆ ಕ್ವಾಡ್‌ಗೆ ಉಕ್ಕಿನ ಪ್ಲೇಟ್ ಹಾಕಲು ನನಗೆ ಕಾರಣ ಕಾಣುವುದಿಲ್ಲ.

ಅಲ್ಯೂಮಿನಿಯಂ ಎಂದರೂ ಎಲ್ಲ ಒಂದೇ ಅಲ್ಲ. ಇಲ್ಲಿ ಕೇಳಬೇಕಾದ ಹೆಸರು 5052, ಅದರಲ್ಲೂ ಎಚ್32 ಹದ. ಎಂಜಿನಿಯರಿಂಗ್ ಓದಿದವರು ಕೂಡಲೇ 6061-ಟಿ6 ಇದಕ್ಕಿಂತ ಗಟ್ಟಿಯಲ್ಲವೇ ಎನ್ನುತ್ತಾರೆ. ಗಟ್ಟಿ ಹೌದು. ಆದರೆ ಬಿಗಿಯಾಗಿ ಮಡಚಿದರೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಸ್ಕಿಡ್ ಪ್ಲೇಟಿನ ಅಂಚುಗಳನ್ನು ಮೇಲಕ್ಕೆ ಮಡಚಲೇಬೇಕು, ಇಲ್ಲದಿದ್ದರೆ ಆ ಅಂಚೇ ಮುಂದಿನ ಬೇರಿಗೆ ಕೊಕ್ಕೆ ಹಾಕುತ್ತದೆ. 5052 ಬಾಗುತ್ತದೆ, ಬಡಿತ ಬಿದ್ದಾಗ ಒಡೆಯದೆ ನೆಗ್ಗುತ್ತದೆ, ನೀರಿನಲ್ಲಿ ತಾಳುತ್ತದೆ.

ಅಲ್ಯೂಮಿನಿಯಂನ ತೊಂದರೆ ಎರಡು. ಒಂದು, ಸದ್ದು. ಎಂಜಿನ್ನಿನ ನಡುಕಕ್ಕೆ ಇಡೀ ತಗಡು ಡಬಡಬ ಎನ್ನುತ್ತದೆ, ಸಿಡಿದ ಪ್ರತಿ ಜಲ್ಲಿಕಲ್ಲೂ ಕೇಳಿಸುತ್ತದೆ. ಫ್ರೇಮಿಗೆ ತಾಗುವ ಕಡೆ ರಬ್ಬರ್ ಪಟ್ಟಿ ಕೊಟ್ಟರೆ ಒಂದಿಷ್ಟು ಕಡಿಮೆಯಾದೀತು. ಇನ್ನೊಂದು ಹೆಚ್ಚು ಗಂಭೀರ: ಮೃದು ಲೋಹವಾದ್ದರಿಂದ ಚೂಪುಗಲ್ಲು ಅದರೊಳಗೆ ಗೀರಿಕೊಂಡು ಹೂತುಹೋಗುತ್ತದೆ. ಜಾರಬೇಕಾದ ಗಾಡಿ ಕಚ್ಚಿಕೊಂಡು ನಿಲ್ಲುತ್ತದೆ.

ಅಲ್ಲಿಗೆ ಬಂತು ಮೂರನೆಯದು. ಯುಎಚ್‌ಎಂಡಬ್ಲ್ಯು ಎಂದರೆ ಅಣುಸರಪಳಿ ವಿಪರೀತ ಉದ್ದವಾದ ಪಾಲಿಎಥಿಲೀನ್. ನಾವು ತರಕಾರಿ ತರುವ ಕವರಿನ ಜಾತಿಯದ್ದೇ, ಗುಣ ಮಾತ್ರ ಅಜಗಜಾಂತರ. ಬ್ರಿಟನ್ನಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1962ರಲ್ಲಿ ಕೃತಕ ಸೊಂಟದ ಕೀಲಿಗೆ ಬಟ್ಟಲಾಗಿ ಬಳಸಿದ್ದು ಇದನ್ನೇ. ಇಂದಿಗೂ ಮೊಣಕಾಲು ಬದಲಿಸಿಕೊಂಡವರ ಕೀಲಿನ ನಡುವೆ ಜಾರುತ್ತಿರುವುದು ಇದೇ ವಸ್ತು. ಗಣಿಗಳಲ್ಲಿ ಅದಿರು ಸುರಿಯುವ ಜಾರುದಾರಿಗಳಿಗೆ ಒಳಗೆ ಹೊದಿಸುವುದೂ ಇದನ್ನೇ. ಸವೆಯುವುದು ನಿಧಾನ, ಜಾರುವುದು ಸಲೀಸು, ಸದ್ದಿಲ್ಲ, ತುಕ್ಕಿಲ್ಲ. ಬಡಿತ ಬಿದ್ದರೆ ಒಳಕ್ಕೆ ಬಾಗಿ ಮತ್ತೆ ಹಿಂದಕ್ಕೆ ಬರುತ್ತದೆ. ಬಂಡೆಯ ಮೇಲೆ ಇದನ್ನು ಒಮ್ಮೆ ಓಡಿಸಿದವರು ಲೋಹಕ್ಕೆ ಮರಳುವುದು ಅಪರೂಪ.

ಹಾಗೆಂದು ಇದು ದೋಷವಿಲ್ಲದ್ದಲ್ಲ. ಅರ್ಧ ಅಂಗುಲ ದಪ್ಪವಿದ್ದರೂ ಬಿಗಿತದಲ್ಲಿ ಇದು 4.8 ಮಿ.ಮೀ. ಅಲ್ಯೂಮಿನಿಯಂನ ಐದನೇ ಒಂದು ಪಾಲೂ ಇಲ್ಲ. ಕೆಳಗಿನಿಂದ ಒತ್ತಿದರೆ ಬಾಗಿ ಒಳಗಿನದಕ್ಕೆ ತಾಗುತ್ತದೆ. ಆದ್ದರಿಂದ ಫ್ರೇಮಿನ ಕೊಳವೆಗಳು ಹತ್ತಿರ ಹತ್ತಿರ ಇರುವ ಗಾಡಿಗೆ ಇದು ಸರಿ, ನಡುವೆ ದೊಡ್ಡ ಖಾಲಿ ಇರುವ ಗಾಡಿಗೆ ಅಡ್ಡಪಟ್ಟಿಯ ಆಸರೆ ಬೇಕು. ಶಾಖಕ್ಕೂ ಇದು ಅಂಜುತ್ತದೆ. 130 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಸೈಲೆನ್ಸರ್ ಪೈಪು ಪ್ಲೇಟಿಗೆ ಹತ್ತಿರ ಹಾದುಹೋಗುವ ಗಾಡಿಯಲ್ಲಿ ಆ ಜಾಗ ಕತ್ತರಿಸಿ ಬಿಡಬೇಕು, ಇಲ್ಲವೇ ಶಾಖ ತಡೆಯುವ ತಗಡು ನಡುವೆ ಕೊಡಬೇಕು.

ಇನ್ನೊಂದನ್ನು ಫಿಟ್ ಮಾಡುವವರೇ ಮರೆಯುತ್ತಾರೆ. ಒಂದು ಮೀಟರ್ ಉದ್ದದ ಯುಎಚ್‌ಎಂಡಬ್ಲ್ಯು ಹಾಳೆ ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಲು, ಎಂಜಿನ್ ಕಾವಿಗೆ ಬರುವಷ್ಟರಲ್ಲಿ, ಅಂದರೆ ನಲವತ್ತೈದು ಡಿಗ್ರಿ ಏರಿಳಿತಕ್ಕೆ, ಏಳೆಂಟು ಮಿಲಿಮೀಟರ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಅದೇ ಹೊತ್ತಿಗೆ ಒಂದು ಮಿಲಿಮೀಟರ್. ಪ್ಲಾಸ್ಟಿಕ್ಕಿಗೆ ದುಂಡು ತೂತು ಕೊರೆದು ಬೋಲ್ಟು ಬಿಗಿದರೆ ಅದು ಹೊಟ್ಟೆ ಇಳಿಬಿಟ್ಟು ಜೋಲುತ್ತದೆ, ಇಲ್ಲವೇ ಬೋಲ್ಟನ್ನೇ ಎಳೆಯುತ್ತದೆ. ತೂತುಗಳು ಉದ್ದುದ್ದ ಇರಬೇಕು. ಕೊಳ್ಳುವ ಪ್ಲೇಟಿನ ತೂತು ನೋಡಿದರೇ ಮಾಡಿದವನಿಗೆ ಈ ವಸ್ತು ಗೊತ್ತೋ ಇಲ್ಲವೋ ತಿಳಿಯುತ್ತದೆ.

ಎಚ್‌ಡಿಪಿಇ ಎಂಬ ಅಗ್ಗದ ಸೋದರನೂ ಇದ್ದಾನೆ. ನೋಡಲು, ಮುಟ್ಟಲು ಒಂದೇ ಥರ. ಬಂಡೆಯ ಉಜ್ಜಾಟಕ್ಕೆ ಯುಎಚ್‌ಎಂಡಬ್ಲ್ಯುವಿನಷ್ಟು ತಾಳುವುದಿಲ್ಲ. ದರ ವಿಪರೀತ ಕಡಿಮೆ ಹೇಳಿದರೆ ಯಾವ ಹಾಳೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಬೋಲ್ಟಿನ ತಲೆ

ಪ್ಲೇಟ್ ಹಾಳಾಗುವುದಕ್ಕಿಂತ ಮೊದಲು ಹಾಳಾಗುವುದು ಬೋಲ್ಟು. ಕೆಳಕ್ಕೆ ಚಾಚಿದ ಷಡ್ಭುಜದ ತಲೆ ಮೊದಲ ಬಂಡೆಗೇ ತರಚಿ, ಎರಡನೆಯದಕ್ಕೆ ದುಂಡಾಗಿ, ಆಮೇಲೆ ಯಾವ ಸ್ಪ್ಯಾನರಿಗೂ ಸಿಗದಂತಾಗುತ್ತದೆ. ಆಯಿಲ್ ಬದಲಿಸಲು ಪ್ಲೇಟ್ ಬಿಚ್ಚಲೇಬೇಕಾದ ದಿನ ಗ್ರೈಂಡರ್ ಹಿಡಿದು ತಲೆ ಕತ್ತರಿಸುವ ಪ್ರಸಂಗ. ಅದಕ್ಕೆ ಕೌಂಟರ್‌ಸಂಕ್ ಬೋಲ್ಟು, ಅಂದರೆ ತಲೆ ಹಾಳೆಯೊಳಗೆ ಹುದುಗುವಂಥದ್ದು.

ಇಲ್ಲಿ ಒಂದು ಸಣ್ಣ ಲೆಕ್ಕ ಇಡೀ ವಿಷಯವನ್ನು ತಿಳಿಸುತ್ತದೆ. ಎಂ8 ಅಲೆನ್ ಕೌಂಟರ್‌ಸಂಕ್ ಬೋಲ್ಟಿನ ತಲೆಯ ಆಳ 4.4 ಮಿಲಿಮೀಟರ್. ಅಲ್ಯೂಮಿನಿಯಂ ಹಾಳೆಯ ದಪ್ಪ 4.8. ತಲೆ ಕೂರಿಸಲು ಕೊರೆದರೆ ಉಳಿಯುವುದು ಬ್ಲೇಡಿನಂಥ ಒಂದು ಅಂಚು, ಹಿಡಿದುಕೊಳ್ಳುವ ಲೋಹವೇ ಇಲ್ಲ. ನಾಲ್ಕು ಬಡಿತಕ್ಕೆ ತೂತು ಹಿಗ್ಗಿ ಪ್ಲೇಟ್ ಬೋಲ್ಟಿನ ಮೇಲಿಂದ ಕಳಚಿಬರುತ್ತದೆ. ಚೆನ್ನಾಗಿ ಮಾಡುವವರು ಅಲ್ಲಿ ಹಾಳೆಯನ್ನೇ ಒಳಕ್ಕೆ ಗುಳಿ ಬೀಳಿಸಿ ಆ ಗುಳಿಯಲ್ಲಿ ತಲೆ ಅಡಗಿಸುತ್ತಾರೆ, ಇಲ್ಲವೇ ಬಟ್ಟಲಿನ ಆಕಾರದ ವಾಷರ್ ಕೊಡುತ್ತಾರೆ, ಇಲ್ಲವೇ 3.3 ಮಿ.ಮೀ. ತಲೆಯ ಎಂ6ಕ್ಕೆ ಇಳಿದು ಬೋಲ್ಟುಗಳ ಸಂಖ್ಯೆ ಹೆಚ್ಚಿಸುತ್ತಾರೆ. ಅರ್ಧ ಅಂಗುಲದ ಪ್ಲಾಸ್ಟಿಕ್ಕಿನಲ್ಲಿ ಈ ತಲೆನೋವಿಲ್ಲ. ಎಂ8 ತಲೆಯನ್ನು ಆಳಕ್ಕೆ ಇಳಿಸಿದರೂ ಅದರ ಸುತ್ತ ಸವೆಯಲು ಬೇಕಾದಷ್ಟು ವಸ್ತು ಉಳಿಯುತ್ತದೆ. ಅಲೆನ್ ಕೀ ತೂರುವ ಗುಂಡಿಯಲ್ಲಿ ಕೆಸರು ಗಟ್ಟಿಯಾಗುವುದು ನಿಜ. ಹಳೆಯ ಮೆಕ್ಯಾನಿಕ್‌ಗಳು ಅದಕ್ಕೆ ಗ್ರೀಸು ಮೆತ್ತಿಬಿಡುತ್ತಾರೆ.

ಕರಾವಳಿಯವರಿಗೆ ಇನ್ನೊಂದು ಮಾತು. ಅಲ್ಯೂಮಿನಿಯಂ ಪ್ಲೇಟಿಗೆ ಸ್ಟೇನ್‌ಲೆಸ್ ಬೋಲ್ಟು ಹಾಕಿ ಕಡಲತೀರದಲ್ಲಿ ಓಡಿಸಿದರೆ ಎರಡು ಲೋಹ, ನಡುವೆ ಉಪ್ಪುನೀರು: ಬ್ಯಾಟರಿಯ ತತ್ವವೇ ಕೆಲಸ ಮಾಡಿ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನೈಲಾನ್ ವಾಷರ್ ಕೊಡಿ, ಮರೆಗೆ ಆಂಟಿಸೀಜ್ ಪೇಸ್ಟ್ ಹಚ್ಚಿ, ಓಡಿಸಿದ ದಿನವೇ ಸಿಹಿನೀರಲ್ಲಿ ತೊಳೆಯಿರಿ.

ಫ್ರೇಮಿಗೆ ಹೊಸ ತೂತು ಕೊರೆಯಲು ಮಾತ್ರ ಯಾರಿಗೂ ಬಿಡಬೇಡಿ. ಕೊಳವೆಯ ಬಲ ಅಲ್ಲೇ ಕುಗ್ಗುತ್ತದೆ, ನೀರು ಒಳಗಿಳಿದು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಕಂಪನಿ ಕೊಟ್ಟ ತೂತುಗಳಿಗೆ ಹೊಂದುವ ಪ್ಲೇಟ್ ಉತ್ತಮ, ಇಲ್ಲದಿದ್ದರೆ ಕೊಳವೆಯನ್ನು ತಬ್ಬುವ ಕ್ಲ್ಯಾಂಪು.

ಬಹಳಷ್ಟು ಪ್ಲೇಟುಗಳು ಎರಡು ಮೂರು ತುಂಡಾಗಿ ಬರುತ್ತವೆ. ಅವನ್ನು ಮಂಗಳೂರು ಹೆಂಚು ಹೊದಿಸುವ ಕ್ರಮದಲ್ಲೇ ಜೋಡಿಸಬೇಕು. ಹೆಂಚಿನ ಮೇಲೆ ನೀರು ಇಳಿಯುವ ದಿಕ್ಕು ನೋಡುತ್ತೇವೆ, ಇಲ್ಲಿ ಬಂಡೆ ಸಾಗುವ ದಿಕ್ಕು. ಮುಂದಿನ ತುಂಡಿನ ಹಿಂದಂಚು ನಡುವಿನ ತುಂಡಿನ ಕೆಳಗೆ ಬರಬೇಕು. ಅದಲುಬದಲಾದರೆ ಪ್ರತಿ ಕಲ್ಲೂ ನಡುವಿನ ತುಂಡಿನ ಅಂಚಿಗೆ ಕೊಕ್ಕೆ ಹಾಕಿ ಎಬ್ಬಿಸುತ್ತದೆ.

ಮೂಡಿಗೆರೆ ಹತ್ತಿರದ ಒಂದು ಎಸ್ಟೇಟಿನ ಶೆಡ್ಡಿನಲ್ಲಿ ಇಂಥದ್ದೊಂದು ಗಾಡಿಯ ಪ್ಲೇಟ್ ಬಿಚ್ಚುವುದನ್ನು ನೋಡಿದೆ. ಎರಡು ಮರದ ದಿಮ್ಮಿಯ ಮೇಲೆ ಗಾಡಿ ಏರಿಸಿ ಮೆಕ್ಯಾನಿಕ್ ಅಡಿಗೆ ಹೊಕ್ಕಿದ್ದ. ಕೊನೆಯ ಬೋಲ್ಟು ಸಡಿಲಾದದ್ದೇ ತಡ, ಪ್ಲೇಟ್ ಒಂದು ಕಡೆ ಇಳಿಬಿದ್ದು ಅದರ ಮೇಲಿನದೆಲ್ಲ ಅವನ ಎದೆಯ ಪಕ್ಕಕ್ಕೆ ಸುರಿಯಿತು: ಗಟ್ಟಿಯಾದ ಕೆಂಪು ಮಣ್ಣಿನ ಹೆಂಟೆ, ಸಿಲ್ವರ್ ಓಕಿನ ಎಲೆ, ಕಾಫಿ ರೆಂಬೆಯ ಚೂರು, ಹುಲ್ಲು. ಸೈಲೆನ್ಸರ್ ಪೈಪಿನ ಕೆಳಗಿದ್ದ ಹುಲ್ಲು ಕಂದಿ ಕಪ್ಪಾಗಿತ್ತು. ಎಂಜಿನ್ನಿನ ತಳದಲ್ಲಿ ಮಣ್ಣು ಅಂಟಿದ್ದ ಅಷ್ಟೂ ಜಾಗ ಒದ್ದೆ.

'ಇನ್ನೂ ಸ್ವಲ್ಪ ದಪ್ಪದ್ದು ತರಿಸೋಣವಾ?' ಎಂದರು ಮಾಲೀಕರು.

'ದಪ್ಪ ತಗೊಂಡು ಏನ್ ಮಾಡ್ತೀರಿ ಸಾರ್,' ಎಂದ ಅವನು ಅಡಿಯಿಂದಲೇ. 'ನೀರು ಹೋಗೋಕೆ ಒಂದು ತೂತಿಲ್ಲ ಇದ್ರಲ್ಲಿ. ಗಾಡಿ ಮಣ್ಣು ಹೊತ್ಕೊಂಡು ತಿರುಗ್ತಿದೆ.'

ನನ್ನ ಮಟ್ಟಿಗೆ ಪ್ಲೇಟ್ ಆಯ್ಕೆಯ ಅರ್ಧ ಪಾಠ ಅದರಲ್ಲಿತ್ತು. ಹೊಟ್ಟೆ ಪೂರ್ತಿ ಮುಚ್ಚುವ ಪ್ಲೇಟ್ ಚೆಂದ ಕಾಣುತ್ತದೆ, ಮಲೆನಾಡಿನ ಕೆಸರಿನಲ್ಲಿ ಅದೊಂದು ಬಾಣಲೆಯಾಗುತ್ತದೆ. ತುಂಬಿದ ಮಣ್ಣು ಗಾಡಿಗೆ ತೂಕ, ಎಂಜಿನ್ನಿಗೆ ಕಂಬಳಿ, ಕಬ್ಬಿಣಕ್ಕೆ ತುಕ್ಕು. ಬೇಸಿಗೆಯಲ್ಲಿ ಬಯಲುಸೀಮೆಯ ಒಣಹುಲ್ಲಿನ ಮೇಲೆ ಓಡಿಸುವವರಿಗೆ ಅಪಾಯ ಬೇರೆಯೇ: ಬಿಸಿ ಪೈಪಿನ ಬುಡದಲ್ಲಿ ಸೇರಿದ ಹುಲ್ಲಿಗೆ ಬೆಂಕಿ ಹತ್ತಬಹುದು. ಪ್ಲೇಟಿನಲ್ಲಿ ನೀರಿಳಿಯುವ ಕಿಂಡಿಗಳಿರಬೇಕು, ಆಯಿಲ್ ಡ್ರೈನಿನ ನೇರಕ್ಕೆ ಒಂದು ಕಿಂಡಿ, ಪೈಪು ಹಾಕಿ ನೀರು ಹೊಡೆದರೆ ಮಣ್ಣು ಹೊರಬರುವಂತೆ ಹಿಂದೆ ಬಾಯಿ. ಕಿಂಡಿಗಳು ವಿಪರೀತವಾದರೂ ಕಷ್ಟ, ಪ್ರತಿ ಕಿಂಡಿಯ ಅಂಚೂ ಕಲ್ಲಿಗೆ ಒಂದು ಹಿಡಿ.

ನೆಲ ನೋಡಿ ಪ್ಲೇಟ್

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಊರಿನ ಸುತ್ತ ಬೋಳು ಮರಳುಗಲ್ಲಿನ ದಿಬ್ಬಗಳಿವೆ. ಅಲ್ಲಿ ಕೆಸರಿಲ್ಲ, ಬೇರಿಲ್ಲ. ಟೈರು ಆ ಒರಟು ಕಲ್ಲನ್ನು ಎಷ್ಟು ಚೆನ್ನಾಗಿ ಕಚ್ಚುತ್ತದೆಂದರೆ ಗೋಡೆಯಂಥ ಏರನ್ನೂ ಗಾಡಿ ಹತ್ತುತ್ತದೆ. ಮೆಟ್ಟಿಲು ಮೆಟ್ಟಿಲಾದ ಕಡೆ ಹೊಟ್ಟೆ ತಾಗುತ್ತದೆ. ಮರಳುಗಲ್ಲೆಂದರೆ ಉಪ್ಪುಕಾಗದವೇ, ಲೋಹವನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡುತ್ತದೆ. ಪ್ಲಾಸ್ಟಿಕ್ಕಿನ ಪೂರ್ತಿ ಪ್ಲೇಟ್ ಹುಟ್ಟಿದ್ದೇ ಇಂಥ ನೆಲಕ್ಕೆ ಎನ್ನಬಹುದು. ಅದೇ ದೇಶದ ಪೂರ್ವಕ್ಕೆ, ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಯಲ್ಲಿ, 2000ದಲ್ಲಿ ಶುರುವಾದ ಹ್ಯಾಟ್‌ಫೀಲ್ಡ್–ಮೆಕಾಯ್ ಟ್ರೇಲ್ಸ್ ಇದೆ. ಸಾವಿರದಾರುನೂರು ಕಿಲೋಮೀಟರ್ ಮೀರಿದ ದಾರಿಗಳ ಜಾಲ. ಅಲ್ಲಿ ಕಾಡು, ಕೆಸರು, ಬೇರು, ಸಡಿಲ ಕಲ್ಲು. ಹೊಟ್ಟೆಗಿಂತ ಹೆಚ್ಚು ಏಟು ತಿನ್ನುವುದು ಚಕ್ರವನ್ನು ಹಿಡಿದ ಎ-ಆರ್ಮುಗಳು ಮತ್ತು ಆ ರಬ್ಬರ್ ಬೂಟುಗಳು. ನಮ್ಮ ಮಲೆನಾಡು ಗುಣದಲ್ಲಿ ಈ ಎರಡನೆಯದಕ್ಕೇ ಹತ್ತಿರ.

ಮರಳಿನ ಕಥೆಯೇ ಬೇರೆ. 2009ರಿಂದ ಡಕಾರ್ ರ್‍ಯಾಲಿಯಲ್ಲಿ ಕ್ವಾಡ್‌ಗಳಿಗೆ ಪ್ರತ್ಯೇಕ ವರ್ಗವಿತ್ತು. ಅರ್ಜೆಂಟೀನಾದ ಪಟ್ರೊನೆಲ್ಲಿ ಸೋದರರು, ಅಣ್ಣ ತಮ್ಮ ಸೇರಿ, ಅದನ್ನು ಐದು ಸಲ ಗೆದ್ದರು. 2024ರ ನಂತರ ಆ ವರ್ಗವನ್ನೇ ಕೈಬಿಟ್ಟರು. ಅಲ್ಲಿ ಮೆರೆದದ್ದು ಯಮಾಹಾ ರ‍್ಯಾಪ್ಟರ್ 700ರಂಥ, ಹಿಂದೆ ಒಂದೇ ಅಖಂಡ ಆಕ್ಸಲ್ ಇರುವ ಓಟದ ಕ್ವಾಡ್. ಇವುಗಳಲ್ಲಿ ಹೊಟ್ಟೆ ಎತ್ತರದಲ್ಲಿದ್ದರೂ ಹಿಂದಿನ ಸ್ಪ್ರಾಕೆಟ್ಟು, ಚೈನು, ಬ್ರೇಕ್ ಡಿಸ್ಕು ಮಾತ್ರ ನೆಲದಿಂದ ಐದು ಅಂಗುಲದ ಆಸುಪಾಸಿನಲ್ಲಿ ಜೋತಿರುತ್ತವೆ. ಇಂಥ ಗಾಡಿಗೆ ಹೊಟ್ಟೆಯ ಪ್ಲೇಟಿಗಿಂತ ಮೊದಲು ಹಿಂದಿನ ಸ್ವಿಂಗ್‌ಆರ್ಮಿನ ಪ್ಲೇಟ್ ಬೇಕು. ಬೈಕುಗಳಲ್ಲಾದರೆ ಎಂಜಿನ್ನಿನ ಕೆಳಗೆ ಒಂದೇ ಬುಟ್ಟಿ ಸಾಕು. ನಾಲ್ಕು ಚಕ್ರವಾದಾಗ ಕಾಯಬೇಕಾದ ಜಾಗ ನಾಲ್ಕು ಮೂಲೆಗೂ ಹರಡುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ಭಾರತದಲ್ಲಿ ಸಾಮಾನ್ಯ ಎಟಿವಿಗೆ ರಸ್ತೆಯ ನೋಂದಣಿ ಇಲ್ಲ. ಪೊಲಾರಿಸ್ ಕಂಪನಿ ಒಂದು ಮಾದರಿಯನ್ನು ಟ್ರ್ಯಾಕ್ಟರ್ ವರ್ಗದಲ್ಲಿ ತಂದದ್ದು ಅಪವಾದ. ಮಿಕ್ಕವೆಲ್ಲ ತೋಟ, ರೆಸಾರ್ಟ್, ಖಾಸಗಿ ಟ್ರ್ಯಾಕುಗಳೊಳಗೇ ಓಡಬೇಕು. ಅರಣ್ಯದ ಜಾಗಕ್ಕೆ, ಹೊಳೆಯ ಪಾತ್ರಕ್ಕೆ ನುಗ್ಗಿಸುವುದು ಸಾಹಸವಲ್ಲ, ಕೇಸು. ತೋಟದೊಳಗಿನ ಶತ್ರುಗಳು ಯಾರು? ಕತ್ತರಿಸಿ ಬಿಟ್ಟ ಕಾಫಿ ಗಿಡದ ಮೋಟು, ನೆರಳಿನ ಮರ ಕಡಿದುಳಿದ ಬೊಡ್ಡೆ, ಮಣ್ಣು ಕೊಚ್ಚಿಹೋಗಿ ಎದ್ದ ಬೇರು, ನೀರು ಹರಿಯಲು ತೋಡಿದ ಕಪ್ಪು, ಕರಾವಳಿಯ ಕಡೆಗಾದರೆ ಮುರಕಲ್ಲಿನ ಹಾಸು. ಇವುಗಳಲ್ಲಿ ಅಗಲವಾಗಿ ಬಂದು ಹೊಟ್ಟೆಗೆ ತಾಗುವುದಕ್ಕಿಂತ, ಕೆಳಗಿನಿಂದ ಮೊನೆಯಾಗಿ ಮೇಲಕ್ಕೆ ಚುಚ್ಚುವುದೇ ಹೆಚ್ಚು. ಮೋಟೊಂದು ಟೈರಿನಡಿ ಬಾಗಿ, ಟೈರು ದಾಟಿದ ಕೂಡಲೇ ಚಿಮ್ಮಿ ಎದ್ದು ಕಾಲಿಡುವ ಜಾಗದ ಪ್ಲಾಸ್ಟಿಕ್ಕನ್ನೇ ತೂರಿ ಸವಾರನ ಕಾಲಿಗೆ ಹೊಡೆಯಬಹುದು. ಆದ್ದರಿಂದ ನಮ್ಮಲ್ಲಿ ಮೊದಲ ದುಡ್ಡು ಹೋಗಬೇಕಾದದ್ದು ಎ-ಆರ್ಮ್ ಗಾರ್ಡಿಗೆ, ಬೂಟಿನ ಕಾವಲಿಗೆ, ಫುಟ್‌ವೆಲ್‌ನ ಅಡಿಯ ತಗಡಿಗೆ. ಹೊಟ್ಟೆಯ ದೊಡ್ಡ ಪ್ಲೇಟ್ ಎರಡನೆಯ ಕಂತು. ಅಂಗಡಿಯವರು ಹೇಳುವ ಕ್ರಮ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು, ದೊಡ್ಡ ಪ್ಲೇಟಿಗೆ ದೊಡ್ಡ ಬಿಲ್ಲು.

ವಿದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಪ್ಲೇಟಿನ ಬೆಲೆ ಎಲ್ಲಿಗೋ ಹೋಗುತ್ತದೆ. ತರಿಸಲೇಬೇಕೆಂದಿಲ್ಲ. ಲೇಸರ್ ಕಟಿಂಗ್, ಸಿಎನ್‌ಸಿ ಬೆಂಡಿಂಗ್ ಮಾಡುವ ಶಾಪುಗಳು ಪೀಣ್ಯದಲ್ಲಿ ಗಲ್ಲಿಗೊಂದಿವೆ. ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯೂ ಈ ಕೆಲಸ ಬಲ್ಲವರಿಗೆ ಬರವಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಇಂದೋರ್ ಬಳಿಯ ಪೀಥಂಪುರದಲ್ಲಿ 2007ರಲ್ಲಿ ಶುರುವಾದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಒಂಟಿ ಸೀಟಿನ ಎಟಿವಿಗಳನ್ನು ತಾವೇ ಕಟ್ಟಿ ಒಯ್ಯುತ್ತಾರೆ, ಹೊಟ್ಟೆಯ ತಗಡನ್ನೂ ಇಂಥ ಶಾಪುಗಳಲ್ಲೇ ಮಾಡಿಸುತ್ತಾರೆ. ವಿಧಾನ ಸರಳ. ಗಾಡಿ ಎತ್ತಿ ನಿಲ್ಲಿಸಿ, ಅಡಿಗೆ ಗಟ್ಟಿ ರಟ್ಟು ಹಿಡಿದು, ಕೊಳವೆ, ತೂತು, ಡ್ರೈನ್, ಪೈಪು ಎಲ್ಲವನ್ನೂ ಗುರುತು ಮಾಡಿ ರಟ್ಟಿನ ಪ್ಲೇಟ್ ಕತ್ತರಿಸಿ. ಅದನ್ನೇ ಕಟ್ಟಿ, ಹ್ಯಾಂಡಲ್ ತಿರುಗಿಸಿ, ಸಸ್ಪೆನ್ಷನ್ ಒತ್ತಿ ಏನಾದರೂ ತಾಗುತ್ತದೆಯೇ ನೋಡಿ. ಪ್ಲೇಟಿಗೂ ಎಂಜಿನ್ ತಳಕ್ಕೂ ಕನಿಷ್ಠ ಒಂದು ಬೆರಳು ತೂರುವಷ್ಟು ಸಂದು ಇರಲಿ. ಆ ಸಂದು ಇಲ್ಲದ ಪ್ಲೇಟ್ ಏಟನ್ನು ನೇರ ಎಂಜಿನ್ನಿಗೇ ದಾಟಿಸುತ್ತದೆ. ಆಮೇಲೆ ರಟ್ಟನ್ನು ಶಾಪಿಗೆ ಕೊಡಿ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಈ ಪ್ಲೇಟುಗಳೆಲ್ಲ ಗಾಡಿಯನ್ನು ಕಾಯುತ್ತವೆ, ಸವಾರನನ್ನಲ್ಲ. ಕ್ವಾಡ್‌ಗಳಲ್ಲಿ ಪ್ರಾಣ ಹೋಗುವುದು ಹೆಚ್ಚಾಗಿ ಗಾಡಿ ಮಗುಚಿ ಮೈಮೇಲೆ ಬಿದ್ದಾಗ. ಹೊಲ, ಹುಲ್ಲುಗಾವಲುಗಳಲ್ಲಿ ಇಂಥ ಸಾವುಗಳನ್ನು ಕಂಡು ಕಂಡು ಆಸ್ಟ್ರೇಲಿಯಾ 2021ರ ಅಕ್ಟೋಬರ್‌ನಿಂದ ದುಡಿಮೆಯ ಹೊಸ ಕ್ವಾಡ್‌ಗಳಿಗೆ, ಉರುಳಿದರೆ ಸವಾರನನ್ನು ಕಾಯುವ ಚೌಕಟ್ಟನ್ನು ಕಡ್ಡಾಯ ಮಾಡಿತು. ಹೋಂಡಾ, ಯಮಾಹಾ ಕಂಪನಿಗಳು ಒಪ್ಪದೆ ಅಲ್ಲಿ ಆ ಗಾಡಿ ಮಾರುವುದನ್ನೇ ನಿಲ್ಲಿಸಿದವು. ಪ್ಲೇಟ್ ಇದೆ ಎಂಬ ಧೈರ್ಯದಲ್ಲಿ ಹತ್ತಬಾರದ ದಿಬ್ಬ ಹತ್ತಲು ಹೋಗುವವರನ್ನು ನೋಡಿದರೆ ಆ ಪ್ಲೇಟೇ ಇರದಿದ್ದರೆ ಚೆನ್ನಿತ್ತು ಎನಿಸುತ್ತದೆ.

ಹಾಗಾದರೆ ಯಾವುದು ಕೊಳ್ಳುವುದು? ರೆಸಾರ್ಟಿನ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವ ಸಣ್ಣ ಗಾಡಿಗೆ ಕಂಪನಿಯ ಪ್ಲೇಟೇ ಸಾಕು, ಬೂಟುಗಳನ್ನು ತಿಂಗಳಿಗೊಮ್ಮೆ ನೋಡಿಕೊಂಡರಾಯಿತು. ತೋಟದ ದುಡಿಮೆಯ ಗಾಡಿಗೆ ಮೊದಲು ನಾಲ್ಕು ಮೂಲೆಯ ಗಾರ್ಡುಗಳು, ಆಮೇಲೆ ಕಿಂಡಿಗಳಿರುವ 5052 ಅಲ್ಯೂಮಿನಿಯಂ ಪ್ಲೇಟ್. ರಾಮನಗರದ ಕಡೆಯಂಥ ಬಂಡೆ ನೆಲದಲ್ಲಿ ಹೊಟ್ಟೆ ಎಳೆದುಕೊಂಡೇ ಓಡಿಸುವವರು ಯುಎಚ್‌ಎಂಡಬ್ಲ್ಯುಗೆ ದುಡ್ಡು ಹಾಕಲಿ. ಉಪ್ಪುನೀರಿನ ಬದಿಯವರಿಗೂ ಅದೇ. ಬರೀ ಮರಳಿನಲ್ಲಿ ಓಡಿಸುವವರು ಆ ದುಡ್ಡನ್ನು ಒಳ್ಳೆಯ ಹೆಲ್ಮೆಟ್ಟಿಗೆ ಹಾಕಬಹುದು.

ಯಾವುದನ್ನೇ ಕೊಂಡರೂ ಅಂಗಡಿಯವರ ಎದುರೇ ಕೇಳಿ: ಇದನ್ನು ಬಿಚ್ಚದೆ ಆಯಿಲ್ ಬದಲಿಸಬಹುದೇ, ಬಿಚ್ಚಬೇಕಾದರೆ ಎಷ್ಟು ಬೋಲ್ಟು, ಆ ಬೋಲ್ಟು ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆಯೇ. ಈ ಮೂರಕ್ಕೆ ಸರಿಯಾದ ಉತ್ತರ ಕೊಟ್ಟವರ ಬಳಿ ದಪ್ಪ ಎಷ್ಟು ಎಂದು ವಿಚಾರಿಸಿ. ಹಾಕಿಸಿಕೊಂಡ ಮೇಲೆ ಮೊದಲ ಓಟ ಮುಗಿದ ದಿನವೇ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಪ್ಲೇಟ್ ಇಳಿಸಿ ತೊಳೆಯಿರಿ.